ಕಾದಂಬರಿಯ ಪಾತ್ರಗಳೂ ನಮ್ಮ ಬಾಲಿಕೆಯರೂ

ಹೆಣ್ಣುಮಕ್ಕಳು ಕಾದಂಬರಿಗಳನ್ನು ಓದಬಹುದೇ ಎಂಬ ಪ್ರಶ್ನೆಯು ನಮ್ಮ ನಾಡಿನಲ್ಲಿ ಬಹಳ ಹಳೆಯದು. ಓದಬಹುದೆಂದು ಎಲ್ಲರೂ ಒಪ್ಪಿ ಬಹುಕಾಲವಾಯಿತು. ಆದರೆ ಓದಿದ ಕಾದಂಬರಿಯೊಳಗಿನ ಒಬ್ಬ ಸ್ತ್ರೀಯ, ಅದರಲ್ಲಿಯೂ ಲೋಕವು ಮೆಚ್ಚದ ಸ್ತ್ರೀಯ, ಸ್ಥಾನದಲ್ಲಿ ನಿಂತು ಬಾಲಿಕೆಯೊಬ್ಬಳು ಮಾತಾಡಬಹುದೇ ಎಂಬ ಪ್ರಶ್ನೆಯು ಕಳೆದ ವರ್ಷ ನಮ್ಮ ಶಾಲೆಯಲ್ಲಿ ಹೊಸದಾಗಿ ಎದ್ದಿತು. ಪೋಷಕರಲ್ಲಿ ಇಬ್ಬರು ಇದನ್ನು ನಮ್ಮಲ್ಲಿ ನೇರವಾಗಿಯೇ ಕೇಳಿದರು. ಅಂದು ನಾವು ಕೊಟ್ಟ ಉತ್ತರವು ನಮಗೇ ತೃಪ್ತಿಕರವಾಗಿರಲಿಲ್ಲ. ಈ ಸ್ಮರಣ ಸಂಚಿಕೆಯ ಮೂಲಕ ಅದನ್ನು ಪೂರ್ತಿಗೊಳಿಸಲು ಅಪೇಕ್ಷಿಸುತ್ತೇವೆ.

ನಡೆದ ಸಂಗತಿಯನ್ನು ಮೊದಲು ಹೇಳಬೇಕು. ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ನಾವು ಎರಡು ಕಾದಂಬರಿಗಳನ್ನು ಗೊತ್ತುಮಾಡಿದೆವು. ಒಂದು, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಕನ್ನಡದ ಮೊದಲನೆಯ ಸಾಮಾಜಿಕ ಕಾದಂಬರಿಯೆಂದು ಗಣಿಸಲ್ಪಟ್ಟಿರುವ ಈ ಗ್ರಂಥವು 1899ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಎಳವೆಯಲ್ಲಿಯೇ ವಿಧವೆಯಾದವಳೊಬ್ಬಳು ತಂದೆತಾಯಿಗಳು ಗೊತ್ತುಮಾಡಿದ ದಾರಿಯನ್ನು ಒಲ್ಲದೆ ಮನೆಯನ್ನು ಬಿಟ್ಟು, ಅಮೃತರಾಯರ ಆಶ್ರಯವನ್ನು ಪಡೆದು, ವಿದ್ಯೆ ಕಲಿತು, ಪುನರ್ವಿವಾಹವಾಗುವ ಕಥೆಯದು. ಇನ್ನೊಂದು, ಶಾರ್ಲೆಟ್ ಬ್ರಾಂಟಿಯು ಕರರ್ ಬೆಲ್ ಎಂಬ ಗುಪ್ತನಾಮದಿಂದ 1847ರಲ್ಲಿ ಪ್ರಕಟಿಸಿದ 'ಜೇನ್ ಏರ್'. ಪ್ರತಿಯೊಬ್ಬ ಬಾಲಿಕೆಯೂ ಒಂದೊಂದು ಪಾತ್ರವನ್ನು ಆರಿಸಿಕೊಂಡು, ಆ ಪಾತ್ರವೇ ಬರೆದಂತೆ ಒಂದು ಪತ್ರವನ್ನು ಬರೆಯಬೇಕು. ಬಳಿಕ ತರಗತಿಯ ಮುಂದೆ ಕುರ್ಚಿಯಲ್ಲಿ ಕುಳಿತು, ಆ ಪಾತ್ರವಾಗಿಯೇ ಸಹಪಾಠಿಗಳ ಪ್ರಶ್ನೆಗಳಿಗೆ ಉತ್ತರ ಹೇಳಬೇಕು. ನಿಯಮವು ಒಂದೇ: ಹೇಳಿದ ಮಾತು ಗ್ರಂಥಕ್ಕೆ ವಿರೋಧವಾಗಿರಬಾರದು; 'ಇದು ಎಲ್ಲಿದೆ?' ಎಂದು ಕೇಳಿದರೆ ಪುಟವನ್ನು ತೋರಿಸಬೇಕು.

ಬಹುಮಂದಿ ಇಂದಿರೆಯನ್ನೂ ಜೇನಳನ್ನೂ ಆರಿಸಿದರು. ಒಬ್ಬಳು ಮಾತ್ರ ಇಂದಿರೆಯ ತಾಯಿ ಅಂಬಾಬಾಯಿಯನ್ನು ಆರಿಸಿ, ಮಗಳು ಮನೆ ಬಿಟ್ಟುಹೋದ ಮರುದಿನ ಆ ತಾಯಿಯು ಬರೆದಂತೆ ಎರಡು ಪುಟಗಳನ್ನು ಬರೆದಳು. ಅದರಲ್ಲಿ ಪಶ್ಚಾತ್ತಾಪವಿರಲಿಲ್ಲ. ಸಂತಮಂಡಳಿಯ ಸೇವೆಯಲ್ಲಿ ಮಗಳಿಗೆ ಸದ್ಗತಿಯುಂಟೆಂಬ ನಂಬಿಕೆಯಿತ್ತು, ನೆರೆಹೊರೆಯವರ ಮುಖವನ್ನು ಹೇಗೆ ನೋಡಲೆಂಬ ಭಯವಿತ್ತು, ಅಮೃತರಾಯರ ಮೇಲೆ ಕೋಪವಿತ್ತು. ಕಡೆಗೆ, ಮಗಳು ಊಟ ಮಾಡಿದ್ದಾಳೋ ಇಲ್ಲವೋ ಎಂಬ ಒಂದು ವಾಕ್ಯವಿತ್ತು. ನಾವು ಅದನ್ನು ಓದಿ, ಭಾಷೆಯು ಚೆನ್ನಾಗಿದೆಯೆಂದೂ, ತಾಯಿಯು ತನ್ನ ತಪ್ಪನ್ನು ಅರಿತುಕೊಂಡಂತೆ ಕೊನೆಯಲ್ಲಿ ನಾಲ್ಕು ಮಾತು ಸೇರಿಸಬೇಕೆಂದೂ ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದೆವು. ಹುಡುಗಿಯು ಪುಸ್ತಕವನ್ನು ಎತ್ತಿಕೊಂಡು ಬಂದು, "ಟೀಚರ್, ಆ ದಿವಸವೇ ಆಕೆಗೆ ತಪ್ಪು ತಿಳಿಯಿತೆಂದು ಯಾವ ಪುಟದಲ್ಲಿದೆ?" ಎಂದು ವಿನಯದಿಂದಲೇ ಕೇಳಿದಳು. ನಮ್ಮ ನಿಯಮವನ್ನು ನಾವೇ ಮುರಿದಿದ್ದೆವು. ಕೆಂಪು ಶಾಯಿಯ ಬರಹವನ್ನು ಹೊಡೆದುಹಾಕಿದೆವು.

ಈ ಹುಡುಗಿಯ ತಂದೆಯೇ ನಮ್ಮಲ್ಲಿಗೆ ಬಂದ ಪೋಷಕರಲ್ಲಿ ಒಬ್ಬರು. "ಒಳ್ಳೆಯವಳಾದ ಇಂದಿರೆಯನ್ನು ಬಿಟ್ಟು, ಮಗಳನ್ನು ಸಂಕಟಕ್ಕೀಡುಮಾಡಿದ ತಾಯಿಯ ಪಕ್ಷವನ್ನು ನನ್ನ ಮಗಳೇಕೆ ವಹಿಸಬೇಕು?" ಎಂಬುದು ಅವರ ಆಕ್ಷೇಪಣೆ. ನ್ಯಾಯವಾದ ಆಕ್ಷೇಪಣೆಯೇ. ಆದರೆ ಅವರ ಮನೆಯಲ್ಲಿ ಅದಕ್ಕೆ ಮುಂಚೆಯೇ ಉತ್ತರವು ದೊರೆತಿತ್ತೆಂಬುದು ನಮಗೆ ಆಮೇಲೆ ತಿಳಿಯಿತು. ಹುಡುಗಿಯು ತನ್ನ ಪತ್ರವನ್ನು ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಏಳನೆಯ ತರಗತಿಯಲ್ಲಿ ತನ್ನನ್ನು ಶಾಲೆ ಬಿಡಿಸಿದ ತನ್ನ ತಾಯಿಯ ಸಂಗತಿಯನ್ನು ಹೇಳಿ, "ಆಕೆ ಕೆಟ್ಟವಳೇನೂ ಅಲ್ಲ ಮಗಾ, ಊರ ಬಾಯಿಗೆ ಅಂಜಿದವಳು" ಎಂದರಂತೆ. ತಮ್ಮ ತಾಯಿಗೆ ಇನ್ನೂ ಓದುವ ಆಸೆಯಿತ್ತೆಂಬುದು ಮಗನಾದ ಅವರಿಗೂ ಅಂದಿನವರೆಗೆ ತಿಳಿದಿರಲಿಲ್ಲ. ಇದನ್ನು ಅವರೇ ಎರಡನೆಯ ಸಲ ಬಂದಾಗ ನಮಗೆ ಹೇಳಿದರು; ಇಲ್ಲಿ ಬರೆಯಲು ಅನುಮತಿಯನ್ನೂ ಕೊಟ್ಟರು.

ಪಾತ್ರದ ಪರವಾಗಿ ಮಾತಾಡುವುದೆಂದರೆ ಪಾತ್ರದ ನಡತೆಯನ್ನು ಮೆಚ್ಚುವುದೆಂದು ತಿಳಿಯುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ತೀರ್ಪು ಕೊಡುವುದಕ್ಕೆ ಮುಂಚೆ ಎರಡು ಕಡೆಯ ಮಾತನ್ನೂ ಕೇಳಬೇಕೆಂಬುದು ನ್ಯಾಯಾಸ್ಥಾನದ ಕ್ರಮ. ಅದೇ ಕ್ರಮವನ್ನು ಇಲ್ಲಿ ಕಲಿಸುತ್ತೇವೆ. ಅಂಬಾಬಾಯಿಯಾಗಿ ಪತ್ರ ಬರೆದ ಆ ಹುಡುಗಿಯೇ ಕುರ್ಚಿಯಿಂದ ಎದ್ದ ಬಳಿಕ, "ಆದರೂ ಇಂದಿರೆಯು ಮಾಡಿದ್ದೇ ಸರಿ" ಎಂದಳು. ಕಾರಣವನ್ನು ಅರಿತು ಹೇಳಿದ ಈ ಮಾತಿಗೆ, ಬರಿಯ ಕಂಠಪಾಠದ ನೀತಿಗಿಂತ ಹೆಚ್ಚಿನ ಬೆಲೆಯುಂಟು.

ಇದು ಹೊಸ ವಿಧಾನವೂ ಅಲ್ಲ. 'ಜೇನ್ ಏರ್' ಗ್ರಂಥದಲ್ಲಿ ಥಾರ್ನ್‌ಫೀಲ್ಡ್ ಮನೆಯ ಮೂರನೆಯ ಅಂತಸ್ತಿನಲ್ಲಿ ಕೂಡಿಹಾಕಲ್ಪಟ್ಟ ಬರ್ಥಾ ಎಂಬ ಸ್ತ್ರೀಯುಂಟು. ಜಮೈಕಾ ದ್ವೀಪದಿಂದ ಬಂದ ಈಕೆಯ ವೃತ್ತಾಂತವನ್ನು ಗಂಡನು ಹೇಳುತ್ತಾನೆ. ಆಕೆಯು ತಾನಾಗಿ ತನ್ನ ಕಥೆಯನ್ನು ಹೇಳುವುದೇ ಇಲ್ಲ. ವೆಸ್ಟ್ ಇಂಡೀಸಿನ ಡೊಮಿನಿಕಾ ದ್ವೀಪದಲ್ಲಿಯೇ ಹುಟ್ಟಿದ ಜೀನ್ ರೀಸ್ ಎಂಬ ಲೇಖಕಿಯು ಆ ಮೌನವನ್ನು ಸಹಿಸದೆ, ಬರ್ಥಳ ಪೂರ್ವಕಥೆಯನ್ನು 'ವೈಡ್ ಸರ್ಗಾಸೋ ಸೀ' ಎಂಬ ಹೆಸರಿನಿಂದ 1966ರಲ್ಲಿ ಪ್ರಕಟಿಸಿದಳು. ಮೊದಲ ಗ್ರಂಥವು ಹೊರಟು ಆಗ 119 ವರ್ಷಗಳಾಗಿದ್ದುವು. ನಮ್ಮ ಬಾಲಿಕೆಯರು ಎರಡು ಪುಟಗಳಲ್ಲಿ ಮಾಡಿದ್ದನ್ನೇ ಆಕೆಯು ಒಂದು ಕಾದಂಬರಿಯಾಗಿ ಮಾಡಿದಳು.

ಜೇನಳಾಗಿ ಕುಳಿತ ಬಾಲಿಕೆಗೆ ಎದುರಾದ ಒಂದು ಪ್ರಶ್ನೆಯನ್ನೂ ಹೇಳಬೇಕು. ಕಥೆಯಲ್ಲಿ ಸೇಂಟ್ ಜಾನ್ ಎಂಬ ಪಾದ್ರಿಯು ಮಿಶನರಿಯಾಗಿ ಹಿಂದೂದೇಶಕ್ಕೆ ಹೊರಟು, ತನ್ನ ಪತ್ನಿಯಾಗಿ ಬಂದು ಇಲ್ಲಿಯ ಶಾಲೆಗಳನ್ನು ನಡೆಸಬೇಕೆಂದು ಜೇನಳನ್ನು ಒತ್ತಾಯಪಡಿಸುತ್ತಾನೆ. ಅವಳಿಗೆ ಹಿಂದೂಸ್ತಾನಿಯನ್ನೂ ಕಲಿಸುತ್ತಾನೆ. "ನೀವು ನಮ್ಮಂಥ ಶಾಲೆಗೆ ಟೀಚರಾಗಿ ಬರಬಹುದಿತ್ತು. ಏಕೆ ಬರಲಿಲ್ಲ?" ಎಂದು ಒಬ್ಬಳು ಕೇಳಿದಳು. ಕುರ್ಚಿಯಲ್ಲಿದ್ದವಳು ತಡವರಿಸದೆ, "ಬರುವುದಿಲ್ಲವೆಂದು ನಾನು ಹೇಳಲಿಲ್ಲ. ತಂಗಿಯಂತೆ ಜತೆಯಲ್ಲಿ ಬರುತ್ತೇನೆ, ಪ್ರೀತಿಯಿಲ್ಲದೆ ಹೆಂಡತಿಯಾಗಲಾರೆ ಎಂದೆ. ಒಪ್ಪದವರು ಅವರು" ಎಂದು ಹೇಳಿ ಪುಟವನ್ನು ತೆರೆದು ತೋರಿಸಿದಳು. ಮಿಶನ್ ಶಾಲೆಯೊಂದರಲ್ಲಿ ನಡೆದ ಈ ಸಂಭಾಷಣೆಯನ್ನು ಕೇಳಿ ನಾವು ನಕ್ಕೆವು, ಆಮೇಲೆ ಯೋಚಿಸಿದೆವು. ಒಳ್ಳೆಯ ಕಾರ್ಯದ ಹೆಸರಿನಲ್ಲಿ ಬಂದ ಒತ್ತಾಯವನ್ನೂ ಹುಡುಗಿಯೊಬ್ಬಳು ವಿವೇಚಿಸಿ ನೋಡಬಹುದೆಂಬುದನ್ನು ನಮ್ಮ ಯಾವ ಪಾಠವು ಇಷ್ಟು ಚೆನ್ನಾಗಿ ಕಲಿಸೀತು?

ಪಬ್ಲಿಕ್ ಪರೀಕ್ಷೆಯು ಹತ್ತಿರವಿರುವಾಗ ಇದರಿಂದ ಕಾಲಹರಣವೆಂಬುದು ಎರಡನೆಯ ಆಕ್ಷೇಪಣೆ. ಹಲವು ತಾಸುಗಳು ಇದಕ್ಕೆ ವೆಚ್ಚವಾದುದು ನಿಜವೇ. ಅದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಸಾರಾಂಶಗಳು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ದೊರೆಯುವ ಈ ಕಾಲದಲ್ಲಿ, ಗ್ರಂಥವನ್ನು ಮೊದಲಿಂದ ಕೊನೆಯವರೆಗೆ ಓದಿಸಲು ಇದಕ್ಕಿಂತ ಒಳ್ಳೆಯ ಉಪಾಯವು ನಮಗೆ ಕಾಣದು. ಬೇರೆಯವರಿಂದ ಪತ್ರವನ್ನು ಬರೆಯಿಸಿ ತರಬಹುದು. ಕುರ್ಚಿಯಲ್ಲಿ ಕುಳಿತಾಗ ತಾನೇ ಓದಿರಬೇಕು.

ಎಚ್ಚರಿಕೆಗಳೂ ಬೇಕು. ಮನಸ್ಸಿಗೆ ನೋವಾಗುವ ಪಾತ್ರವನ್ನು ವಹಿಸುವಂತೆ ಯಾರನ್ನೂ ಒತ್ತಾಯಿಸಬಾರದು. ಪತ್ರದೊಳಗೆ ಮನೆಯ ಸುಖದುಃಖಗಳು ತಲೆಯೆತ್ತಿದರೆ ಉಪಾಧ್ಯಾಯಿನಿಯು ಅವನ್ನು ಕೆದಕಬಾರದು. ಅಂಕಗಳನ್ನು ಗ್ರಂಥಕ್ಕೆ ತೋರಿದ ನಿಷ್ಠೆಗಾಗಿ ಕೊಡಬೇಕೇ ಹೊರತು ಭಾವನೆಯ ಸೌಜನ್ಯಕ್ಕಾಗಿ ಕೊಡಬಾರದು. ಈ ಕೊನೆಯದನ್ನು ನಮಗೆ ಕಲಿಸಿದವಳು ನಮ್ಮ ವಿದ್ಯಾರ್ಥಿನಿಯೇ.

ಈ ಅಭ್ಯಾಸವು ವರ್ಷಂಪ್ರತಿ ನಡೆಯಬೇಕೆಂಬುದು ನಮ್ಮ ಅಪೇಕ್ಷೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಮನೆಯಲ್ಲಾದರೂ ಹಳೆಯ ಕನ್ನಡ ಕಾದಂಬರಿಗಳ ಪ್ರತಿಗಳಿದ್ದರೆ ದಯವಿಟ್ಟು ಶಾಲೆಯ ಪುಸ್ತಕ ಭಂಡಾರಕ್ಕೆ ಕಳುಹಿಸಿಕೊಡಬೇಕು. 'ಇಂದಿರಾಬಾಯಿ'ಯ ಮೂರೇ ಪ್ರತಿಗಳನ್ನು ಇಡೀ ತರಗತಿಯು ಹಂಚಿಕೊಂಡು ಓದಿತು. ಮಾತಾಪಿತೃಗಳಲ್ಲಿ ನಮ್ಮ ಪ್ರಾರ್ಥನೆಯು ಇಷ್ಟೇ: ಮಗಳು ತಾನು ಬರೆದುದನ್ನು ಮನೆಗೆ ತಂದಾಗ, ತಿದ್ದುವುದಕ್ಕೆ ಮುಂಚೆ ಒಂದು ಸಲ ಪೂರ್ತಿಯಾಗಿ ಕೇಳಬೇಕು. ಮನೆಯಲ್ಲಿ ಅಜ್ಜಿಯಿದ್ದರೆ ಅವರನ್ನೂ ಹತ್ತಿರ ಕುಳ್ಳಿರಿಸಿಕೊಳ್ಳಬೇಕೆಂದು ವಿಜ್ಞಾಪಿಸಿಕೊಳ್ಳುತ್ತೇವೆ.