ಭರತ ಗೊತ್ತಿರುವ ಮಕ್ಕಳಿಗೆ ‘ಟೈಡ್’ ಯಾಕೆ ಕಷ್ಟ?

ಜೂನ್ ಬಂತೆಂದರೆ ಕುಮಟಾ, ಹೊನ್ನಾವರ, ಭಟ್ಕಳ ಮೂರೂ ತಾಲೂಕುಗಳಲ್ಲಿ ಒಂದೇ ಪ್ರಶ್ನೆ. ಮಗೂನ ಎಲ್ಲಿಗೆ ಹಾಕಿದ್ರಿ, ಇಂಗ್ಲಿಷ್ ಮೀಡಿಯಮ್ಮೋ ಕನ್ನಡ ಮೀಡಿಯಮ್ಮೋ? ಈ ಜಗಳ ಹೊಸದಲ್ಲ. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೇ ತರಗತಿಗೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ರಾಜ್ಯ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಮರುವರ್ಷವೇ ರಾಷ್ಟ್ರೀಯ ಶಿಕ್ಷಣ ನೀತಿ, ಸಾಧ್ಯವಿದ್ದಲ್ಲೆಲ್ಲ ಕನಿಷ್ಠ 5ನೇ ತರಗತಿಯವರೆಗೆ ಮನೆಮಾತಿನಲ್ಲೇ ಕಲಿಸಿ ಎಂದಿತು. ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಹಾಗೇ ಉಳಿದಿದೆ: ಮಗುವಿನ ತಲೆಯೊಳಗೆ ಒಂದು ಇಂಗ್ಲಿಷ್ ಶಬ್ದ ನಿಲ್ಲುವುದು ಹೇಗೆ?

ನಾನು ಇದನ್ನು ಧಾರೇಶ್ವರದ ಕಡಲಿನಿಂದ ನೋಡುತ್ತೇನೆ. ಕುಮಟಾ-ಹೊನ್ನಾವರ ನಡುವಿನ ಈ ಊರನ್ನು ಹೊರಗಿನವರು ಬಲ್ಲದ್ದು ಧಾರಾನಾಥನ ದೇವಸ್ಥಾನದಿಂದ. ಇಲ್ಲಿನ ಮಕ್ಕಳಿಗೆ ಶಾಲೆ ಕಲಿಸುವ ಮೊದಲೇ ಗೊತ್ತಿರುವ ವಿಜ್ಞಾನ ಒಂದಿದ್ದರೆ ಅದು ಭರತ-ಇಳಿತ. ಹುಣ್ಣಿಮೆ, ಅಮಾವಾಸ್ಯೆಗೆ ಭರತ ಜೋರು, ಅಷ್ಟಮಿಯ ಹೊತ್ತಿಗೆ ಸಪ್ಪೆ. ತಿಥಿ ಒಂದು ಮುಂದೆ ಹೋದರೆ ಭರತ ಸುಮಾರು ಎರಡು ಘಳಿಗೆ ತಡ. ಎರಡು ಘಳಿಗೆಯೆಂದರೆ 48 ನಿಮಿಷ. ಪುಸ್ತಕದ ವಿಜ್ಞಾನ ಹೇಳುವುದು ದಿನಕ್ಕೆ ಸುಮಾರು 50 ನಿಮಿಷ. ಪಂಚಾಂಗದ ಲೆಕ್ಕಕ್ಕೂ ಪುಸ್ತಕಕ್ಕೂ ಅಂತರ ಎರಡೇ ನಿಮಿಷ!

ಪಕ್ಕದ ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಅಲ್ಲಿ ಗಜನಿ ಗದ್ದೆಯ ಕಗ್ಗ ಭತ್ತ, ಸಾಣಿಕಟ್ಟೆಯ ಉಪ್ಪು, ಇಳಿತದ ಹೊತ್ತಿನಲ್ಲಿ ಚಿಪ್ಪು ಹೆಕ್ಕುವ ಕೆಲಸ, ಎಲ್ಲವೂ ಇದೇ ಲೆಕ್ಕದ ಮೇಲೆ ನಿಂತ ಬದುಕು.

ಆದರೆ ಇದೇ ಹುಡುಗ ಹೈಸ್ಕೂಲಿಗೆ ಹೋದಾಗ ಏನಾಗುತ್ತದೆ? ಕನ್ನಡ ಪುಸ್ತಕದಲ್ಲಿ ‘ಉಬ್ಬರವಿಳಿತ’, ‘ಗುರುತ್ವಾಕರ್ಷಣೆ’, ‘ದ್ರವ್ಯರಾಶಿ’. ಇಂಗ್ಲಿಷ್ ಪುಸ್ತಕದಲ್ಲಿ ‘ಟೈಡ್’, ‘ಗ್ರಾವಿಟಿ’, ‘ಮಾಸ್’. ಎರಡೂ ಅವನ ಮನೆಯ ಮಾತಲ್ಲ. ಕನ್ನಡ ಮಾಧ್ಯಮವಾದರೆ ಎಲ್ಲ ತಾನಾಗಿ ಅರ್ಥವಾಗುತ್ತದೆ ಅನ್ನುವವರು ಇದನ್ನು ಮರೆಯುತ್ತಾರೆ. ‘ಗುರುತ್ವಾಕರ್ಷಣೆ’ಯನ್ನು ಉರು ಹೊಡೆದವನೂ ‘ಗ್ರಾವಿಟೇಶನ್’ ಉರು ಹೊಡೆದವನೂ ಒಂದೇ ದೋಣಿಯಲ್ಲಿದ್ದಾರೆ. ಇನ್ನು ಕೊಂಕಣಿ, ನವಾಯತಿ ಮನೆಗಳ ಮಕ್ಕಳಿಗೆ ಪುಸ್ತಕದ ಕನ್ನಡವೇ ಎರಡನೆಯ ಭಾಷೆ.

ಹಾಗಾದರೆ ದಾರಿ? ಶಬ್ದವನ್ನು ಬಿಡಿಸಿ ತೋರಿಸುವುದು. ‘ಗುರು’ ಅಂದರೆ ಮೇಷ್ಟ್ರು ಮಾತ್ರ ಅಲ್ಲ, ಭಾರವಾದದ್ದು ಅಂತಲೂ ಅರ್ಥ. ‘ಗ್ರಾವಿಟಿ’ ಬಂದದ್ದು ಲ್ಯಾಟಿನ್ನಿನ ‘ಗ್ರಾವಿಸ್’ನಿಂದ, ಅದಕ್ಕೂ ಭಾರ ಅಂತಲೇ ಅರ್ಥ. ಭಾಷಾಶಾಸ್ತ್ರಜ್ಞರ ಪ್ರಕಾರ ಎರಡೂ ಒಂದೇ ಬೇರಿನ ಶಬ್ದಗಳು. ‘ಮಾಸ್’ಗೆ ಪುಸ್ತಕ ‘ದ್ರವ್ಯರಾಶಿ’ ಅನ್ನುತ್ತದೆ. ನಮ್ಮ ಜಿಲ್ಲೆಯಲ್ಲಿ ‘ರಾಶಿ ಇದ್ದು’ ಅಂದರೆ ಬಹಳ ಇದೆ ಎಂದರ್ಥ, ಅರ್ಧ ಪಾಠ ಅಲ್ಲೇ ಮುಗಿಯಿತು. ‘ಬಲ್ಜ್’ ಅಂದರೆ ಉಬ್ಬು, ಆ ಉಬ್ಬಿನಿಂದಲೇ ‘ಉಬ್ಬರ’. ‘ಟೈಡ್’ ಶಬ್ದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಇದ್ದ ಅರ್ಥ ‘ಹೊತ್ತು’. ಕಡಲ ಏರಿಳಿತ ನೋಡಿ ಹೊತ್ತು ಹೇಳುವ ಜನ ಅಲ್ಲೂ ಇದ್ದರು, ಇಲ್ಲೂ ಇದ್ದಾರೆ. ಹುಣ್ಣಿಮೆ-ಅಮಾವಾಸ್ಯೆಯ ‘ಸ್ಪ್ರಿಂಗ್ ಟೈಡ್’ಗೂ ವಸಂತ ಋತುವಿಗೂ ಸಂಬಂಧ ಇಲ್ಲ. ಇಲ್ಲಿ ‘ಸ್ಪ್ರಿಂಗ್’ ಅಂದರೆ ನೆಗೆಯುವುದು, ಉಕ್ಕುವುದು. ಇಷ್ಟು ಹೇಳಿದರೆ ಆ ಶಬ್ದವನ್ನು ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಶಬ್ದದ ಜೊತೆ ವಿಚಾರವೂ ಹತ್ತಿರ ಬರುತ್ತದೆ. ಭೂಮಿಯ ಮೇಲೆ ಸೂರ್ಯನ ಎಳೆತ ಚಂದ್ರನ ಎಳೆತಕ್ಕಿಂತ ಸುಮಾರು 180 ಪಟ್ಟು ಹೆಚ್ಚು. ಮತ್ತೆ ಭರತ ಯಾಕೆ ಚಂದ್ರನ ಲೆಕ್ಕದಲ್ಲಿ ನಡೀತದೆ? ಕಡಲ ಬದಿಯ ಮಗು ಕೇಳಬೇಕಾದ ಪ್ರಶ್ನೆ ಇದು. ಕಾರಣ, ಭರತ ಹುಟ್ಟುವುದು ಎಳೆತದಿಂದಲ್ಲ, ಎಳೆತದ ವ್ಯತ್ಯಾಸದಿಂದ. ಚಂದ್ರನ ಎದುರಿನ ನೀರಿಗೆ ಎಳೆತ ಹೆಚ್ಚು, ಭೂಮಿಯ ನಡುವಿಗೆ ಸ್ವಲ್ಪ ಕಡಿಮೆ, ಹಿಂಬದಿಯ ನೀರಿಗೆ ಇನ್ನೂ ಕಡಿಮೆ. ಹಾಗಾಗಿ ಎರಡೂ ಬದಿಗೆ ಉಬ್ಬು, ದಿನಕ್ಕೆ ಎರಡು ಭರತ. ಸೂರ್ಯ ಚಂದ್ರನಿಗಿಂತ ಸುಮಾರು 390 ಪಟ್ಟು ದೂರ ಇರುವುದರಿಂದ ಈ ವ್ಯತ್ಯಾಸ ಸಣ್ಣದು, ಅವನ ಪಾಲು ಚಂದ್ರನ ಅರ್ಧಕ್ಕಿಂತ ಕಡಿಮೆ. ‘ಫೋರ್ಸ್’, ‘ಡಿಸ್ಟೆನ್ಸ್’, ‘ಡಿಫರೆನ್ಸ್’ ಮೂರೂ ಶಬ್ದ ಒಂದೇ ಪ್ರಶ್ನೆಯ ಉತ್ತರದಲ್ಲಿ ಬಂದು ಕೂರುತ್ತವೆ.

ಇದೇನು ಶಬ್ದಗಳ ಆಟವೇ ಅನ್ನಬಹುದು. ಅಲ್ಲ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಪಿಯುಸಿ ಸೈನ್ಸಿಗೆ ಹೋದ ಮಕ್ಕಳಿಗೆ ‘ಗ್ರಾವಿಟೇಶನ್’ ಅಧ್ಯಾಯ ಬರುವುದು ಮೊದಲ ವರ್ಷದಲ್ಲೇ, ಅದೂ ಪೂರ್ತಿ ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದ್ದೂ ಶಬ್ದ ಸಿಗದೆ ಹಿಂದಿನ ಬೆಂಚಿಗೆ ಸರಿಯುವವರು, ಸೈನ್ಸೇ ಬೇಡ ಅಂತ ಬಿಡುವವರು ಎಲ್ಲರಿಗೂ ಪರಿಚಿತರು. ಅಪ್ಪ-ಅಮ್ಮಂದಿರು ಇಂಗ್ಲಿಷ್ ಮೀಡಿಯಮ್ಮಿಗೆ ಓಡುವುದು ಈ ಗೋಡೆಗೆ ಹೆದರಿ, ಕನ್ನಡದ ಮೇಲಿನ ಸಿಟ್ಟಿಗಲ್ಲ. ಅವರನ್ನು ಬೈದು ಪ್ರಯೋಜನವಿಲ್ಲ. ಆದರೆ ಆ ಕಡೆ ಹೋದ ಮಗುವೂ ‘ಹೈ ಟೈಡ್’ ಬರೆದು ಅಂಕ ತೆಗೆದು, ಅದು ತನ್ನಜ್ಜ ಹೇಳುವ ಭರತವೇ ಅಂತ ತಿಳಿಯದೆ ಉಳಿದರೆ, ನಷ್ಟ ಅಲ್ಲೂ ಅಷ್ಟೇ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕಡಲಿನ ಎಚ್ಚರಿಕೆ ಕೊಟ್ಟಾಗ ಅದನ್ನು ಓದಿ ಮನೆಯವರಿಗೆ ತಿಳಿಸಬೇಕಾದವರು ಇದೇ ಮಕ್ಕಳು.

ಇದಕ್ಕೆ ಹೊಸ ಕಾನೂನು, ಹೊಸ ಕಟ್ಟಡ ಏನೂ ಬೇಡ. ವಿಜ್ಞಾನ, ಭೂಗೋಳದ ಪ್ರತಿ ಪಾಠಕ್ಕೆ ಒಂದು ಪುಟ, ಅದರಲ್ಲಿ ಮೂರು ಸಾಲು ಕಂಬ: ಮನೆಯ ಮಾತು, ಪುಸ್ತಕದ ಕನ್ನಡ, ಇಂಗ್ಲಿಷ್. ಮೊದಲನೆಯ ಕಂಬವನ್ನು ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ತುಂಬಲಿ, ಮೀನುಗಾರರ ಮನೆಯಿಂದ ಒಂದು ಶಬ್ದ, ಗಜನಿ ರೈತನಿಂದ ಇನ್ನೊಂದು. ಕುಮಟಾದ ಡಯಟ್ ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯಲ್ಲಿ ಕರಾವಳಿಗೆ ಬೇಕಾದಷ್ಟು ಮಾದರಿ ಹಾಳೆ ತಯಾರಾಗುತ್ತದೆ. ಶಿಕ್ಷಕರಿಗೆ ಈಗಲೇ ಕೆಲಸ ಹೆಚ್ಚು ಅನ್ನುವುದು ನಿಜ, ಹಾಗಾಗಿ ಹಾಳೆ ಸಿದ್ಧವಾಗಿ ಅವರ ಕೈಗೆ ಬರಬೇಕು, ಆದೇಶ ಮಾತ್ರ ಬಂದರೆ ಸಾಲದು.

ಮಾಧ್ಯಮ ಯಾವುದೇ ಇರಲಿ, ಮಗುವಿಗೆ ಈಗಾಗಲೇ ಗೊತ್ತಿರುವುದನ್ನು ಗೊತ್ತಿಲ್ಲ ಅಂದುಕೊಂಡು ಶುರುವಾಗುವ ಪಾಠ ಸೋಲುತ್ತದೆ. ಧಾರೇಶ್ವರದ ಮಗುವಿಗೆ ಭರತ ಗೊತ್ತು. ‘ಟೈಡ್’ ಅದರ ಇನ್ನೊಂದು ಹೆಸರು ಅಂತ ಹೇಳಿಕೊಡುವುದಷ್ಟೇ ಶಾಲೆಯ ಕೆಲಸ.