ಕೆಲಸ ಹುಡುಕುವವರಿಗೂ ಒಂದು ಕೋಣೆ ಬೇಕು

ಪದವಿ ಮುಗಿಸಿ ವರ್ಷವಾದರೂ ಮಗನಿಗೆ ಕೆಲಸ ಸಿಕ್ಕಿಲ್ಲವೆಂದು ಹೇಳಿಕೊಳ್ಳಲು ನಮ್ಮ ಮನೆಗಳಲ್ಲಿ ಯಾರಿಗೂ ಬಾಯಿ ಬರುವುದಿಲ್ಲ. ಬಸದಿಯ ಅಂಗಳದಲ್ಲಿ ಯಾರಾದರೂ ವಿಚಾರಿಸಿದರೆ, "ಏನೋ ಕೋರ್ಸು ಮಾಡುತ್ತಿದ್ದಾನೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಮಗಳಾದರೆ ಆ ಮಾತಿಗೂ ಅವಕಾಶವಿಲ್ಲ. ನಾಲ್ಕು ಸಂದರ್ಶನಗಳಲ್ಲಿ ಆಯ್ಕೆಯಾಗದಿದ್ದರೆ ಸಾಕು, ಜಾತಕ ಹೊರಬರುತ್ತದೆ. ಉದ್ಯೋಗ ಅರಸುವವರ ಧೈರ್ಯವನ್ನು ಕಂಪನಿಗಳ ನಿರಾಕರಣೆಗಿಂತ ಹೆಚ್ಚಾಗಿ ಕುಂದಿಸುವುದು ಮನೆಯೊಳಗಿನ ಈ ಮುಚ್ಚುಮರೆಯೇ. ತಮ್ಮ ಸ್ಥಿತಿಯನ್ನು ಹೆತ್ತವರೇ ಮರೆಮಾಚುತ್ತಿದ್ದಾರೆಂದು ತಿಳಿದ ಮೇಲೆ, ಅದು ನಾಚಿಕೆಪಡಬೇಕಾದ ಸಂಗತಿಯೇ ಇರಬೇಕೆಂದು ಮಕ್ಕಳು ನಂಬತೊಡಗುತ್ತಾರೆ.

ನಾಚಿಕೆಪಡಬೇಕಾದವರು ಬೇರೆಯೇ ಇದ್ದಾರೆ. ಕೇಂದ್ರ ಸರ್ಕಾರದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳ ಪೈಕಿ ಯಾವುದಾದರೊಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಸ್ಥನೇ. ಇನ್ನು, ಬೇಸತ್ತು ಹುಡುಕಾಟವನ್ನೇ ಬಿಟ್ಟು, ಕೆಲಸಕ್ಕೆ ತಾನು ಸಿದ್ಧನೂ ಅಲ್ಲವೆಂದವನು ನಿರುದ್ಯೋಗಿಯೆಂದು ಎಣಿಕೆಗೆ ಬರುವುದಿಲ್ಲ. ದುಡಿಯುವ ಬಲದ ಹೊರಗುಳಿದವರ ಸಾಲಿಗೆ ಸೇರುತ್ತಾನೆ. ಈ ವ್ಯಾಖ್ಯೆ ಅಂತರರಾಷ್ಟ್ರೀಯ ರೂಢಿಗೆ ಅನುಗುಣವಾದದ್ದೇ. ಆದರೆ ಶೇಕಡಾವಾರು ಇಳಿಯಿತೆಂದು ಬೆನ್ನು ತಟ್ಟಿಕೊಳ್ಳುವ ಮಂತ್ರಿಗಳು ಅದನ್ನು ಜನರಿಗೆ ವಿವರಿಸುವ ಗೋಜಿಗೆ ಹೋಗುವುದಿಲ್ಲ. ಒಬ್ಬ ತರುಣ ಕೈಚೆಲ್ಲಿ ಕುಳಿತರೆ ಸರ್ಕಾರದ ಅಂಕಿ ಕೊಂಚ ಸುಧಾರಿಸುತ್ತದೆ ಎಂಬುದು ಅವನಿಗೆ ತಿಳಿದಿರಲಿ.

ಹುಡುಕಾಟ ದೀರ್ಘವಾದಾಗ ಮನುಷ್ಯನಿಗೆ ಏನಾಗುತ್ತದೆ ಎಂಬುದನ್ನು ಆಸ್ಟ್ರಿಯಾದ ಮರಿಯೆಂತಾಲ್ ಎಂಬ ಹಳ್ಳಿಯಲ್ಲಿ ಮಾರಿ ಯಾಹೋಡಾ ಮತ್ತು ಅವರ ಸಂಗಡಿಗರು ಬಹು ಹಿಂದೆಯೇ ಅಧ್ಯಯನ ಮಾಡಿದ್ದರು. ಊರಿಗೆಲ್ಲ ಅನ್ನ ಕೊಡುತ್ತಿದ್ದ ಗಿರಣಿ ಮುಚ್ಚಿತ್ತು. 1933ರಲ್ಲಿ ಪ್ರಕಟವಾದ ಅವರ ವರದಿ ಇಂದಿಗೂ ಮನಸ್ಸನ್ನು ಕಲಕುತ್ತದೆ. ಜನರಿಗೆ ಬೇಕಾದಷ್ಟು ಬಿಡುವಿತ್ತು, ಗ್ರಂಥಾಲಯದ ಶುಲ್ಕವನ್ನೂ ತೆಗೆದುಹಾಕಲಾಗಿತ್ತು. ಆದರೂ ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಬೀದಿಯಲ್ಲಿ ಗಂಡಸರ ನಡಿಗೆ ನಿಧಾನವಾಯಿತು. ದಿನವಿಡೀ ಏನು ಮಾಡಿದಿರೆಂದರೆ ಅವರಿಗೆ ಹೇಳಲು ಏನೂ ತೋಚುತ್ತಿರಲಿಲ್ಲ. ಮನೆಗೆಲಸ ತಪ್ಪದ ಹೆಂಗಸರ ದಿನಕ್ಕೆ ಮಾತ್ರ ಒಂದು ಆಕಾರ ಉಳಿದಿತ್ತು. 1982ರ ಗಿರಣಿ ಮುಷ್ಕರದ ನಂತರದ ಪರಳ, ಲಾಲ್‌ಬಾಗ್‌ಗಳನ್ನು ಕಂಡ ಮುಂಬಯಿಯ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆದ್ದರಿಂದ ಆತ್ಮವಿಶ್ವಾಸದ ಉಪನ್ಯಾಸಗಳಿಗಿಂತ ದಿನಕ್ಕೊಂದು ಕಟ್ಟುಪಾಡು ಮುಖ್ಯ. ನಿಗದಿತ ಹೊತ್ತಿಗೆ ಎದ್ದು, ಸ್ನಾನ ಮುಗಿಸಿ, ಮೇಜಿನ ಮುಂದೆ ಕುಳಿತು, ಮಧ್ಯಾಹ್ನದವರೆಗೆ ಹುಡುಕಾಟ. ಆ ಬಳಿಕ ಓದು. ಲೆಕ್ಕವಿಡಬೇಕಾದದ್ದು ಬಂದ ಉತ್ತರಗಳನ್ನಲ್ಲ. ಕಳಿಸಿದ ಅರ್ಜಿಗಳನ್ನು, ಮಾತನಾಡಿಸಿದ ಪರಿಚಿತರನ್ನು. ಒಂದು ಹುದ್ದೆಗೆ ಅರ್ಜಿಗಳ ರಾಶಿಯೇ ಬಂದು ಬೀಳುವಾಗ ಎಷ್ಟನ್ನು ಯಾರೂ ತೆರೆದು ನೋಡಿರುವುದಿಲ್ಲ. ಆ ಮೌನವನ್ನು ತನ್ನ ಯೋಗ್ಯತೆಯ ಮೇಲಿನ ತೀರ್ಪೆಂದು ಓದಬಾರದು. ಮನೆಯವರೂ ಪ್ರತಿ ಸಂಜೆ "ಏನಾಯಿತು?" ಎನ್ನುವುದನ್ನು ಬಿಟ್ಟು ವಾರಕ್ಕೊಮ್ಮೆ ಕುಳಿತು ವಿಚಾರಿಸಲಿ. ಅಪ್ಪನ ಅಂಗಡಿಯಲ್ಲಿ ಅರ್ಧ ದಿನ ಲೆಕ್ಕ ಬರೆಯುವುದು ಒಳ್ಳೆಯದೇ. ಆದರೆ ಇಡೀ ದಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರಿಸಿದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ.

ಕೆಲವು ಹಿರಿಯರು ಇದೆಲ್ಲ ಲಾಭಾಂತರಾಯ ಕರ್ಮದ ಉದಯವೆಂದು ಹೇಳಿ ಸುಮ್ಮನಾಗುತ್ತಾರೆ. ಸಮಾಧಾನಕ್ಕಾಗಿ ಆಡುವ ಮಾತೇ ಅದು. ಆದರೆ ಶಾಸ್ತ್ರವನ್ನು ಅರ್ಧಕ್ಕೆ ನಿಲ್ಲಿಸಬಾರದು. ಅಂತರಾಯದ ಐದು ಭೇದಗಳಲ್ಲಿ ವೀರ್ಯಾಂತರಾಯವೂ ಒಂದು. ವಿಘ್ನ ಒಡ್ಡುವುದೇ ಅಂತರಾಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಒಬ್ಬ ತರುಣನ ಉತ್ಸಾಹವನ್ನು ಮಾತಿನಿಂದಲೇ ಮುರಿಯುವವರು ಯಾರ ಕರ್ಮದ ಚಿಂತೆ ಮಾಡಬೇಕು?

1899ರಲ್ಲಿ ಸ್ತವನಿಧಿಯಲ್ಲಿ ಸ್ಥಾಪನೆಗೊಂಡ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಕೊಲ್ಹಾಪುರ, ಸಾಂಗಲಿ ಮೊದಲಾದ ಊರುಗಳಲ್ಲಿ ಬೋರ್ಡಿಂಗುಗಳನ್ನು ಕಟ್ಟಿತು. ಹಳ್ಳಿಯ ಒಕ್ಕಲು ಮಕ್ಕಳಿಗೆ ಅಲ್ಲಿ ಊಟ, ವಸತಿ ದೊರೆಯಿತು. ಅವೆರಡಕ್ಕಿಂತಲೂ ಮುಖ್ಯವಾಗಿ, ತಮ್ಮಂತೆಯೇ ಓದಲು ಬಂದ ಜೊತೆಗಾರರು ದೊರೆತರು. ಓದಿಗಾಗಿ ಇಷ್ಟು ಮಾಡಿದ ಸಮಾಜ, ಓದು ಮುಗಿದು ಸಂಬಳ ಬರುವವರೆಗಿನ ಕಾಲವನ್ನು ಮಾತ್ರ ಒಂಟಿ ಮಗುವಿನ ಹೆಗಲಿಗೆ ಬಿಟ್ಟಿದೆ.

ಪುಣೆ, ಮುಂಬಯಿ, ಹೈದರಾಬಾದುಗಳಲ್ಲಿ ನಮ್ಮ ಸಂಘಗಳ ಕೈಯಲ್ಲಿರುವ ಸಭಾಭವನಗಳು ವಾರದ ದಿನಗಳಲ್ಲಿ ಬಹುಮಟ್ಟಿಗೆ ಬೀಗ ಹಾಕಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಕೋಣೆಯನ್ನು ಬೆಳಿಗ್ಗೆ 9ರಿಂದ 1ರವರೆಗೆ ತೆರೆದಿಡಬಹುದು. ನಾಲ್ಕು ಮೇಜು, ಇಂಟರ್ನೆಟ್, ಒಂದು ಪ್ರಿಂಟರ್ ಇದ್ದರೆ ಸಾಕು. ನಿವೃತ್ತ ಬ್ಯಾಂಕ್ ಅಧಿಕಾರಿಗಳು, ಇಂಜಿನಿಯರರು, ಅಧ್ಯಾಪಕರು ನಮ್ಮಲ್ಲಿ ಕಡಿಮೆಯಿಲ್ಲ. ಸರದಿಯಂತೆ ಬಂದು ಅರ್ಜಿ ತಿದ್ದಿಕೊಟ್ಟು, ಸಂದರ್ಶನದ ಅಭ್ಯಾಸ ಮಾಡಿಸಲಿ. ಹೆಣ್ಣುಮಕ್ಕಳಿಗೂ ಅಲ್ಲಿ ಸರಿಸಮನಾದ ಸ್ಥಾನವಿರಲಿ. ಪಂಚಕಲ್ಯಾಣದ ಒಂದು ದೊಡ್ಡ ಸವಾಲಿನ ಹಣದಲ್ಲಿ ಇದು ವರ್ಷವಿಡೀ ನಡೆದೀತು. ಮುಂದಿನ ವಾರ್ಷಿಕ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸಲು ಕಾರ್ಯಕಾರಿ ಸಮಿತಿಗೆ ಒಂದು ಪತ್ರ ಬರೆಯಬೇಕು. ತಮ್ಮ ಮನೆಯಲ್ಲೂ ಕೆಲಸ ಹುಡುಕುವವರಿದ್ದಾರೆಂದು ಆ ಪತ್ರದಲ್ಲಿ ಹೆತ್ತವರೇ ಬರೆಯಲಿ.