ಕಪಾಟಿನೊಳಗಿನ ಹನಿ ಔಷಧ

ಬ್ಯಾಂಕಿನ ಲೆಡ್ಜರಿನಲ್ಲಿ ತಪ್ಪು ಬಿದ್ದರೆ ಅದರ ಮೇಲೆ ಗೆರೆ ಎಳೆದು, ಸರಿಯಾದ ಅಂಕಿ ಬರೆದು, ಪಕ್ಕಕ್ಕೊಂದು ಸಣ್ಣ ಸಹಿ ಹಾಕುತ್ತಿದ್ದೆವು. ಅಲ್ಲಿಗೆ ಮುಗಿಯಿತು. 35 ವರ್ಷ ಕ್ಲಾರ್ಕ್ ಆಗಿದ್ದ ನಾನು ಹಾಗೆ ಎಷ್ಟೋ ತಪ್ಪು ತಿದ್ದಿದ್ದೇನೆ. ಆದರೆ ಹೋದ ವರ್ಷ ಬೇಸಿಗೆಯಲ್ಲಿ ಮನೆಯಲ್ಲಿ ಮಾಡಿದ ಒಂದು ತಪ್ಪನ್ನು ಹಾಗೆ ತಿದ್ದಲು ಬರುವಂತಿರಲಿಲ್ಲ. ಮಕ್ಕಳೇ, ಇದನ್ನು ನೀವೂ ಓದಿ, ನಿಮ್ಮ ಅಜ್ಜ-ಅಜ್ಜಿಗೂ ಓದಿ ಹೇಳಿ.

ಲಕ್ಷ್ಮೇಶ್ವರದಲ್ಲಿ ನಮ್ಮ ಬೀಗರ ಮನೆಯ ಮದುವೆ. ಶಿರಹಟ್ಟಿ, ಮುಂಡರಗಿ ಕಡೆಯ ನೆಂಟರೆಲ್ಲ ಕೂಡಿದ್ದರು. ಪಿಯುಸಿ ಪರೀಕ್ಷೆ ಮುಗಿಸಿದ್ದ ನನ್ನ ಮೊಮ್ಮಗಳು ಚಸ್ಮಾ ತೆಗೆದಿಟ್ಟು ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಬಂದಿದ್ದಳು. ಸುರಗಿಯ ಹಿಂದಿನ ರಾತ್ರಿ ಹರಟೆ ಹೊಡೆಯುತ್ತ ಲೆನ್ಸ್ ತೆಗೆಯದೇ ಮಲಗಿದಳು. ಬೆಳಿಗ್ಗೆ ಕಣ್ಣು ಕಿಸಕಿಸ ಎಂದಿತು. ಲೆನ್ಸ್ ತೊಳೆಯುವ ದ್ರಾವಣ ಬೆಟಗೇರಿಯ ಮನೆಯಲ್ಲೇ ಉಳಿದಿತ್ತು. ಕಲ್ಯಾಣ ಮಂಟಪದ ನಳದ ನೀರಿನಲ್ಲಿ ಲೆನ್ಸ್ ತೊಳೆದು, ಮತ್ತೆ ಹಾಕಿಕೊಂಡು ಅಕ್ಕಿಕಾಳಿಗೆ ನಿಂತಳು.

ಊರಿಗೆ ಬಂದ ಮರುದಿನ ಎಡಗಣ್ಣು ಕೆಂಪಗಾಗಿ ನೀರು ಸುರಿಯತೊಡಗಿತು. “ಅಜ್ಜಾ, ಕಣ್ಣಾಗ ಉಸುಕು ಬಿದ್ದಂಗ ಆಗೈತಿ. ಬೆಳಕು ನೋಡಾಕ ಆಗವಲ್ದು” ಎಂದಳು.

“ಕಣ್ಣು ಬಂದಿರಬೇಕು ಬಿಡವಾ, ಎರಡು ದಿನಕ್ಕ ಹೋಗತೈತಿ” ಎಂದೆ. ಅಷ್ಟಕ್ಕೇ ಸುಮ್ಮನಿದ್ದರೆ ಬೇರೆ ಮಾತು. ನನ್ನ ಕಣ್ಣಿನ ಪೊರೆಯ ಆಪರೇಶನ್ ಆದಾಗ ಕೊಟ್ಟ ಹನಿ ಔಷಧ ಕಪಾಟಿನಲ್ಲಿ ಅರ್ಧ ಉಳಿದಿತ್ತು. ದುಡ್ಡು ಕೊಟ್ಟು ತಂದದ್ದು, ಚೆಲ್ಲುವುದೇಕೆ ಎಂದು ಇಟ್ಟಿದ್ದೆ. ಅದನ್ನೇ ತೆಗೆದು ಎರಡೆರಡು ಹನಿ ಹಾಕಿದೆ. ಸಂಜೆ ಹೊತ್ತಿಗೆ ಕೆಂಪು ಇಳಿಯಿತು. “ನೋಡಿದಿರಾ?” ಎಂದು ಮನೆಯವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಅವಳಿಗೆ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಎತ್ತಿ ನೋಡಿದರೆ ಕರಿಗುಡ್ಡೆಯ ಮೇಲೆ ರವೆಯ ಕಾಳಿನಷ್ಟು ಬಿಳಿ ಚುಕ್ಕೆ. ನನ್ನ ಎದೆ ಧಸಕ್ಕೆಂದಿತು. ಗಾಡಿ ಮಾಡಿಕೊಂಡು ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಗೆ ಓಡಿದೆವು.

ಪರೀಕ್ಷೆ ಮಾಡಿದ ಡಾಕ್ಟರ್, “ಅಜ್ಜಾರ, ಮನ್ಯಾಗ ಏನರ ಹನಿ ಹಾಕೀರೇನ್ರಿ?” ಎಂದು ಕೇಳಿದರು. ಜೇಬಿನಿಂದ ಬಾಟಲಿ ತೆಗೆದುಕೊಟ್ಟೆ. ಲೇಬಲ್ ಓದಿ ಹೇಳಿದರು: “ಇದರಾಗ ಸ್ಟೀರಾಯ್ಡ್ ಐತ್ರಿ. ಆಪರೇಶನ್ ಆದ ನಿಮ್ಮ ಕಣ್ಣಿಗೆ ಅದು ಬೇಕಾಗಿತ್ತು. ಈಕಿ ಕಣ್ಣಾಗ ರೋಗಾಣು ಅದಾವು. ಕಳ್ಳ ಮನಿ ಹೊಕ್ಕಾಗ ನಾಯಿಗೆ ನಿದ್ದಿ ಔಷಧ ಕೊಟ್ಟಂಗ ಆತು. ಬೊಗಳೋದು ನಿಂತಿತು, ಕಳ್ಳ ಒಳಗ ಉಳಿದ.” ನಾನು ತಲೆ ತಗ್ಗಿಸಿದೆ.

ಅವರು ಹೇಳಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಒಂದು ಪಾರದರ್ಶಕ ಪಟಲವಿದೆ. ಅದೇ ಕಾರ್ನಿಯ. ಅದರ ದಪ್ಪ ನಡುವೆ ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಅದರಲ್ಲಿ ರಕ್ತನಾಳಗಳಿಲ್ಲ, ಆದ್ದರಿಂದಲೇ ಅದು ಅಷ್ಟು ತಿಳಿ. ಬೇಕಾದ ಆಮ್ಲಜನಕವನ್ನು ಅದು ಹೆಚ್ಚಾಗಿ ಹೊರಗಿನ ಗಾಳಿಯಿಂದ, ಕಣ್ಣೀರಿನ ಮೂಲಕ ಪಡೆಯುತ್ತದೆ. ಲೆನ್ಸ್ ಹಾಕಿಯೇ ಮಲಗಿದರೆ ಮೇಲೆ ಲೆನ್ಸ್, ಅದರ ಮೇಲೆ ರೆಪ್ಪೆ. ಉಸಿರು ಕಟ್ಟಿದ ಕಾರ್ನಿಯ ಊದಿ, ಅದರ ಮೇಲ್ಪದರ ಬಲಗುಂದುತ್ತದೆ. ಸಣ್ಣ ಗೀರು ಬಿದ್ದರೂ ಸಾಕು, ರೋಗಾಣು ಒಳಹೊಕ್ಕು ಹುಣ್ಣು ಮಾಡುತ್ತದೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನಗಳಲ್ಲೇ ಕಾರ್ನಿಯವನ್ನು ಕರಗಿಸಬಲ್ಲದು. ನಳ, ಬಾವಿ, ಕೆರೆಯ ನೀರಿನಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿಯೂ ಇರುತ್ತದೆ. ಅದು ಕಣ್ಣು ಸೇರಿದರೆ ಚಿಕಿತ್ಸೆ ತಿಂಗಳುಗಟ್ಟಲೆ. ಕುಡಿಯಲು ಶುದ್ಧವಾದ ನೀರು ಕೂಡ ಲೆನ್ಸ್ ತೊಳೆಯಲು ಶುದ್ಧವಲ್ಲ.

ಹುಣ್ಣಿನಿಂದ ಒಂದಿಷ್ಟು ಕೆರೆದು ಲ್ಯಾಬಿಗೆ ಕಳಿಸಿದರು. “ಲೆನ್ಸ್ ಡಬ್ಬಿ ತಂದೀರೇನು?” ಎಂದು ಕೇಳಿದರು. ರೋಗಾಣು ಯಾವುದೆಂದು ಅದರಿಂದಲೂ ಗೊತ್ತಾಗುತ್ತದಂತೆ. ನಾವು ಒಯ್ದಿರಲಿಲ್ಲ. ಎರಡು ದಿನ, ಹಗಲು-ರಾತ್ರಿ, ತಾಸಿಗೊಮ್ಮೆ ಹನಿ ಹಾಕಬೇಕೆಂದರು. ನಾನು ಪಟ್ಟಿಪುಸ್ತಕದಲ್ಲಿ ಗೆರೆ ಎಳೆದು 48 ಮನೆ ಮಾಡಿದೆ. ನಮ್ಮನೆಯಾಕೆ ಅಲಾರಾಂ ಇಟ್ಟು ಎಬ್ಬಿಸುವುದು, ನಾನು ಹನಿ ಹಾಕಿ ಗುರುತು ಮಾಡುವುದು. ಒಂದು ಮನೆಯೂ ಖಾಲಿ ಬಿಡಲಿಲ್ಲ.

ಕಣ್ಣು ಉಳಿಯಿತು. ಆದರೆ ಕಲೆ ಉಳಿದಿದೆ, ಆ ಕಣ್ಣಿಗೆ ತುಸು ಮಂಜು. ಚುಕ್ಕೆ ನಟ್ಟನಡುವೆ ಆಗಿದ್ದರೆ ಬೇರೆಯವರ ಕಾರ್ನಿಯ ಕೂಡಿಸಬೇಕಾಗಬಹುದಿತ್ತು. ಅದು ಅಂಗಡಿಯಲ್ಲಿ ಸಿಗುವುದಿಲ್ಲ. 2006ರಲ್ಲಿ ಡಾ. ರಾಜಕುಮಾರ್, 2021ರಲ್ಲಿ ಅವರ ಮಗ ಪುನೀತ್ ಮಾಡಿದಂತೆ ಯಾರಾದರೂ ದಾನ ಮಾಡಿ ಹೋಗಿರಬೇಕು.

ನಮ್ಮ ಗದಗಿನವರಿಗೆ ಕಣ್ಣಿನ ಬೆಲೆ ಹೊಸದಾಗಿ ಹೇಳಬೇಕಿಲ್ಲ. ಕಣ್ಣಿಲ್ಲದೆಯೂ ಬೆಳಕಾಗಿ ಬಾಳಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇದ್ದ ಊರು ಇದು. ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಹಾಡು ಕೇಳಿದಾಗಲೆಲ್ಲ ಅನ್ನಿಸುತ್ತದೆ, ಕಣ್ಣಿದ್ದವರು ಉದಾಸೀನದಿಂದ ಅದನ್ನು ಕಳೆದುಕೊಳ್ಳಬಾರದು ಎಂದು.

ಲೆನ್ಸ್ ಕೆಟ್ಟದ್ದಲ್ಲ, ಮಕ್ಕಳೇ. ಚೆಕ್ ದೇಶದ ಓಟೊ ವಿಖ್ಟರ್ಲೆ ಎಂಬ ರಸಾಯನ ವಿಜ್ಞಾನಿ 1961ರ ಕ್ರಿಸ್‌ಮಸ್ ಹೊತ್ತಿಗೆ ಮಕ್ಕಳ ಆಟಿಕೆಯ ಬಿಡಿಭಾಗಗಳಿಂದ ಮನೆಯಲ್ಲೇ ಯಂತ್ರ ಕಟ್ಟಿ ಮೆತ್ತನೆಯ ಲೆನ್ಸ್ ಮಾಡಿದ. ಎಷ್ಟೋ ಜನಕ್ಕೆ ಅದರಿಂದ ಅನುಕೂಲವಾಗಿದೆ. ಆದರೆ ಅದಕ್ಕೆ ಶಿಸ್ತು ಬೇಕು. ಸಾಬೂನಿನಿಂದ ಕೈ ತೊಳೆದು ಒರೆಸಿಕೊಂಡೇ ಲೆನ್ಸ್ ಮುಟ್ಟಬೇಕು. ಅದಕ್ಕೆ ನೀರು ತಾಗಿಸಬಾರದು. ಮಲಗುವಾಗ, ಈಜುವಾಗ ತೆಗೆಯಬೇಕು. ದ್ರಾವಣ ದಿನವೂ ಹೊಸದು, ಡಬ್ಬಿ ಮೂರು ತಿಂಗಳಿಗೊಮ್ಮೆ ಹೊಸದು. ಶಾಲೆಯ ಗ್ಯಾದರಿಂಗಿಗೆಂದು ಗೆಳತಿಯ ಬಣ್ಣದ ಲೆನ್ಸ್ ಹಾಕಿಕೊಳ್ಳಲೇಬೇಡಿ.

ಕಣ್ಣು ಕೆಂಪಾಗಿ ನೋವು, ಮಂಜು, ಬೆಳಕಿಗೆ ಚುಚ್ಚುವುದು ಆದರೆ ಕೂಡಲೇ ಲೆನ್ಸ್ ತೆಗೆದು, ಡಬ್ಬಿ ಸಮೇತ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ಇನ್ನು ನನ್ನ ಓರಗೆಯವರಿಗೆ ಒಂದೇ ಮಾತು. ಇವತ್ತೇ ಕಪಾಟು ತೆರೆದು ಉಳಿದ ಹನಿ ಔಷಧಗಳನ್ನೆಲ್ಲ ಹೊರಹಾಕಿ. ನಮ್ಮ ಮನೆಯಲ್ಲಿ ಐದು ಬಾಟಲಿ ಸಿಕ್ಕವು. ಕಸದ ಬುಟ್ಟಿ ಹಿಡಿದುಕೊಂಡು ನಿಂತಿದ್ದ ಮೊಮ್ಮಗಳು ಕೇಳಿದಳು: “ಅಜ್ಜಾ, ಮತ್ತ ಎಲ್ಲೆರ ಮುಚ್ಚಿಟ್ಟಿಯೇನು?”

“ಇಲ್ಲವಾ” ಎಂದೆ. ಆದರೂ ಅವಳು ಮೇಲಿನ ಹಲಗೆಯನ್ನು ಕೈಯಾಡಿಸಿ ನೋಡಿದಳು. ನೋಡಲಿ ಬಿಡಿ, ಅದು ಸರಿಯೇ.